ಕಾರಣ ಬರೆಯುವ ಕಾಲಮು ಬೇಡ

ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಕುಂಬಳೆ ಕಡೆಯ ಯಾವುದೇ ಕನ್ನಡ ಶಾಲೆಯ ಸ್ಟಾಫ್‌ರೂಮಿಗೆ ಹೋಗಿ ನೋಡಿ. ಕೂತವರಲ್ಲಿ ಹೆಚ್ಚಿನವರು ಹೆಂಗಸರು, ಅವರಲ್ಲಿ ನಲವತ್ತು ದಾಟಿದವರು ಸುಮಾರು ಮಂದಿ. ಅಂಗನವಾಡಿಗೆ ಹೋದರೂ ಅಷ್ಟೇ, ಸಹಕಾರಿ ಬ್ಯಾಂಕಿಗೆ ಹೋದರೂ ಅಷ್ಟೇ. ಉದ್ಯೋಗ ಖಾತರಿಯ ಕೆಲಸದಲ್ಲಿ ಹಾರೆ ಹಿಡಿದವರು, ಮನೆಮನೆಯಿಂದ ಪ್ಲಾಸ್ಟಿಕ್ ಕಟ್ಟಿಕೊಂಡು ಹೋಗುವ ಹರಿತ ಕರ್ಮ ಸೇನೆಯವರು, ಕಾಸರಗೋಡು ಪೇಟೆಯ ಬಟ್ಟೆ ಅಂಗಡಿಗಳಲ್ಲಿ ಸೀರೆ ಬಿಚ್ಚಿ ತೋರಿಸುವವರು, ಮನೆಯ ಚಾವಡಿಯಲ್ಲಿ ಮೊರ ಇಟ್ಟುಕೊಂಡು ಬೀಡಿ ಕಟ್ಟುವವರು, ಇವರಲ್ಲೂ ಬಹಳಷ್ಟು ಮಂದಿ ನಲವತ್ತರಿಂದ ಐವತ್ತೈದರ ನಡುವಿನವರು. ನಮ್ಮ ಜಿಲ್ಲೆಯ ಎಷ್ಟೋ ಕೆಲಸ ನಡೆಯುವುದು ಈ ವಯಸ್ಸಿನ ಹೆಂಗಸರಿಂದ. ಇದೇ ವಯಸ್ಸಿನಲ್ಲಿ ಅವರ ದೇಹದೊಳಗೆ ವರ್ಷಗಟ್ಟಲೆ ನಡೆಯುವ ಒಂದು ದೊಡ್ಡ ಬದಲಾವಣೆಗೆ, ಮುಟ್ಟು ನಿಲ್ಲುವ ಕಾಲಕ್ಕೆ, ಕೆಲಸದ ಜಾಗದಲ್ಲಿ ಎಳ್ಳಷ್ಟೂ ವ್ಯವಸ್ಥೆ ಇಲ್ಲ.

ನಾನು ಒಂದು ಅನುದಾನಿತ ಯು.ಪಿ. (ಹಿರಿಯ ಪ್ರಾಥಮಿಕ) ಶಾಲೆಯ ಮುಖ್ಯೋಪಾಧ್ಯಾಯಿನಿ. ನನಗೂ ಅದೇ ವಯಸ್ಸು. ಹಾಗಾಗಿ ಈ ವಿಷಯವನ್ನು ಎರಡೂ ಕಡೆಯಿಂದ ನೋಡುವ ಅವಕಾಶ ನನಗೆ ಸಿಕ್ಕಿದೆ: ಅನುಭವಿಸುವವಳಾಗಿ, ಹಾಜರಿ ಪುಸ್ತಕ ನೋಡುವವಳಾಗಿ.

ಮೊದಲು ವಿಷಯ ಸ್ಪಷ್ಟವಾಗಲಿ. ಹನ್ನೆರಡು ತಿಂಗಳು ಒಮ್ಮೆಯೂ ಮುಟ್ಟಾಗದೆ ಕಳೆದರೆ ಮುಟ್ಟು ನಿಂತಿತು ಎಂದು ವೈದ್ಯರು ಲೆಕ್ಕ ಹಿಡಿಯುತ್ತಾರೆ. ಪಾಶ್ಚಾತ್ಯ ದೇಶಗಳಲ್ಲಿ ಅದರ ಸರಾಸರಿ ವಯಸ್ಸು 51ರ ಆಸುಪಾಸು. ನಮ್ಮ ದೇಶದಲ್ಲಿ ಇನ್ನೂ ಮೊದಲೇ, 46–47ರ ಹೊತ್ತಿಗೆ. ಆ ಘಟ್ಟಕ್ಕೆ ಮುಟ್ಟುವ ಮೊದಲಿನ ಏರುಪೇರಿನ ವರ್ಷಗಳಿಗೆ ಪೆರಿಮೆನೋಪಾಸ್ ಎನ್ನುತ್ತಾರೆ. ಸಾಮಾನ್ಯವಾಗಿ ನಾಲ್ಕು ವರ್ಷ, ಕೆಲವರಿಗೆ ಎಂಟು–ಹತ್ತು ವರ್ಷವೂ ಆಗುತ್ತದೆ. ಅಂದರೆ ನಮ್ಮಲ್ಲಿ ನಲವತ್ತು–ನಲವತ್ತೆರಡರಲ್ಲೇ ಶುರುವಾದರೆ ಆಶ್ಚರ್ಯಪಡಬೇಕಾಗಿಲ್ಲ. "ಅಷ್ಟು ಬೇಗ ಎಂತ ಮುಟ್ಟು ನಿಲ್ಲುದು, ಸುಮ್ಮನಿರು" ಎಂದು ಹಿರಿಯರು ಹೇಳುವುದನ್ನು ಕೇಳಿ ಎಷ್ಟೋ ಹೆಂಗಸರು ತಮ್ಮ ಅನುಭವವನ್ನೇ ನಂಬದೆ ವರ್ಷ ಕಳೆಯುತ್ತಾರೆ.

ಈ ಕಾಲದಲ್ಲಿ ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನು ಮೆಲ್ಲಮೆಲ್ಲನೆ ಇಳಿಯುತ್ತಾ ಹೋಗುತ್ತದೆ ಎಂದು ಹಲವರು ತಿಳಿದಿರುತ್ತಾರೆ. ಹಾಗಾಗುವುದಿಲ್ಲ. ನಮ್ಮ ಮಳೆಗಾಲದ ಕರೆಂಟಿನ ಹಾಗೆ ಒಮ್ಮೆ ಡಿಮ್ಮು, ಒಮ್ಮೆ ವಿಪರೀತ ಹೈ, ಮತ್ತೆ ಒಂದು ವಾರ ಏನೂ ಆಗದ ಹಾಗೆ ಸರಿ. ಕೆಲವು ತಿಂಗಳು ಅಂಡಾಶಯದಿಂದ ಮೊಟ್ಟೆಯೇ ಬಿಡುಗಡೆಯಾಗುವುದಿಲ್ಲ. ಆಗ ಪ್ರೊಜೆಸ್ಟರಾನ್ ಎಂಬ ಇನ್ನೊಂದು ಹಾರ್ಮೋನು ತಯಾರಾಗುವುದಿಲ್ಲ, ಗರ್ಭಕೋಶದ ಒಳಪದರ ಹಿಡಿತವಿಲ್ಲದೆ ದಪ್ಪವಾಗುತ್ತದೆ, ಆಮೇಲೆ ಒಮ್ಮೆಲೇ ಕಳಚಿಕೊಂಡು ಸುರಿಯುತ್ತದೆ. ಎರಡು ತಿಂಗಳು ಮುಟ್ಟೇ ಇಲ್ಲದೆ ಮೂರನೆಯದರಲ್ಲಿ ಹತ್ತು ದಿನ ನಿಲ್ಲದ ರಕ್ತಸ್ರಾವ, ಗಡ್ಡೆಗಡ್ಡೆಯಾಗಿ ಹೋಗುವುದು, ಇದೆಲ್ಲ ಹೀಗೆ ಬರುವುದು. ಹೋದ ವಾರ ಚುರುಕಾಗಿ ಓಡಾಡುತ್ತಿದ್ದವರು ಈ ವಾರ ಮುಖ ಬಾಡಿಸಿಕೊಂಡು ಕೂತರೆ ಅದು ಸೋಮಾರಿತನವೂ ಅಲ್ಲ, ನಾಟಕವೂ ಅಲ್ಲ. ಕೆಲಸ ಮಾಡಿಸುವವರು ಉಳಿದದ್ದೆಲ್ಲ ಮರೆತರೂ ಇದೊಂದನ್ನು ನೆನಪಿಟ್ಟುಕೊಳ್ಳಬೇಕು.

ಇನ್ನು ಮೈಯ ಉರಿ. ಮಿದುಳಿನಲ್ಲಿ ಮೈಯ ಬಿಸಿಯನ್ನು ಹದದಲ್ಲಿಡುವ ಒಂದು ಭಾಗವಿದೆ, ಹೈಪೋಥಲಾಮಸ್. ಹಾರ್ಮೋನಿನ ಏರಿಳಿತದಿಂದ ಅದರ ಸಹನೆ ಕಡಿಮೆಯಾಗುತ್ತದೆ. ಸ್ವಲ್ಪ ಬಿಸಿ ಏರಿದರೂ ಮೈ ಕಾದುಹೋಯಿತೆಂದು ಎಣಿಸಿ ರಕ್ತನಾಳಗಳನ್ನು ಹಿಗ್ಗಿಸಿ ಬೆವರು ಹರಿಸುತ್ತದೆ. ಎದೆಯಿಂದ ಎದ್ದ ಬಿಸಿ ಕುತ್ತಿಗೆಗೆ, ಕುತ್ತಿಗೆಯಿಂದ ಮುಖಕ್ಕೆ ಏರಿ, ಕೆಲವು ನಿಮಿಷ ಇದ್ದು, ಹೋಗುವಾಗ ಚಳಿ ಹುಟ್ಟಿಸಿ ಹೋಗುತ್ತದೆ. ನಮ್ಮ ಕರಾವಳಿಯಲ್ಲಿ ಇದಕ್ಕೊಂದು ಹೆಚ್ಚಿನ ಕಷ್ಟವಿದೆ. ಮಾರ್ಚಿನಿಂದ ಮೇ ತನಕ ಎಲ್ಲರಿಗೂ ಸೆಕೆ, ಎಲ್ಲರ ರವಿಕೆಯೂ ಒದ್ದೆ. "ನನಗೆ ಮೈಯೆಲ್ಲ ಉರಿ" ಎಂದರೆ "ಯಾರಿಗೆ ಇಲ್ಲ?" ಎಂಬ ಉತ್ತರ ಸಿದ್ಧವಾಗಿರುತ್ತದೆ. ಜುಲೈಯ ಜಡಿಮಳೆಯಲ್ಲಿ ಕಿಟಕಿಯ ಹತ್ತಿರ ಕೂತು ಬೆವರು ಒರೆಸಿಕೊಳ್ಳುವವರನ್ನು ಕಂಡಾಗಲೇ ಇದು ಬೇರೆ ಸೆಕೆ ಎಂದು ಗೊತ್ತಾಗುವುದು.

ಇದು ನಾಲ್ಕು ದಿನದ ಮಾತೂ ಅಲ್ಲ. ಅಮೆರಿಕದಲ್ಲಿ ಮಧ್ಯವಯಸ್ಸಿನ ಹೆಂಗಸರನ್ನು ವರ್ಷಗಟ್ಟಲೆ ಹಿಂಬಾಲಿಸಿ ನಡೆಸಿದ ಸ್ವಾನ್ ಎಂಬ ಅಧ್ಯಯನದ ಲೆಕ್ಕ 2015ರಲ್ಲಿ ಪ್ರಕಟವಾಯಿತು. ಮೈಯುರಿ, ರಾತ್ರಿಬೆವರು ಪದೇಪದೇ ಬರುವವರಲ್ಲಿ ಅರ್ಧದಷ್ಟು ಮಂದಿಗೆ ಅದು 7.4 ವರ್ಷಕ್ಕಿಂತ ಹೆಚ್ಚು ಕಾಲ ಇತ್ತು. ಅದೇ ಅಧ್ಯಯನದಿಂದ ಒಂದು ಸಮಾಧಾನದ ಸಂಗತಿಯೂ ಹೊರಬಂತು. ಪೆರಿಮೆನೋಪಾಸ್ ಹೊತ್ತಿನಲ್ಲಿ ಹೊಸದನ್ನು ಕಲಿತು ನೆನಪಿಡುವ ಶಕ್ತಿ ಸ್ವಲ್ಪ ಮಂಕಾಗುತ್ತದೆ, ಮುಟ್ಟು ಪೂರ್ತಿ ನಿಂತ ಮೇಲೆ ಮತ್ತೆ ಚೇತರಿಸಿಕೊಳ್ಳುತ್ತದೆ. ಕರೆಯಬೇಕಾದ ಮಗುವಿನ ಹೆಸರು ನಾಲಗೆಯ ತುದಿಯಲ್ಲೇ ನಿಂತುಬಿಟ್ಟಾಗ "ನನಗೆ ಮರೆವಿನ ರೋಗ ಶುರುವಾಯಿತೋ ಏನೋ" ಎಂದು ಒಳಗೊಳಗೇ ಹೆದರುವ ಎಲ್ಲ ಟೀಚರುಗಳಿಗೂ ಇದನ್ನು ಹೇಳಬೇಕೆಂದು ನನಗೆ ಆಸೆ. ಕೆಲವರಂತೂ ಇದೆಲ್ಲ ಏನೂ ಇಲ್ಲದೆ ಸಲೀಸಾಗಿ ದಾಟಿಬಿಡುತ್ತಾರೆ. ಅಂಥವರು ದಾಟದವರನ್ನು ಹಗುರ ಮಾಡಬಾರದು, ಅಷ್ಟೇ.

ನಮ್ಮ ವ್ಯವಸ್ಥೆ ಹೆಣ್ಣಿನ ದೇಹವನ್ನು ಕಾಣುವುದೇ ಇಲ್ಲ ಎಂದು ನಾನು ಹೇಳಲಾರೆ. ಕೆಲಸ ಮಾಡುವ ಹೆಂಗಸು ಬಸುರಿಯಾದರೆ ಅವಳಿಗಾಗಿ 1961ರಲ್ಲೇ ಹೆರಿಗೆ ಸೌಲಭ್ಯ ಕಾಯ್ದೆ ಬಂತು, 2017ರಲ್ಲಿ ಅದರ ರಜೆ 26 ವಾರಕ್ಕೆ ಏರಿತು. ಹುಡುಗಿಯರಿಗೆ ಕೇರಳ ಸರಕಾರ ಅದೇ 2017ರಲ್ಲಿ ಷೀ ಪ್ಯಾಡ್ ಯೋಜನೆ ತಂದಿತು. ಮುಟ್ಟು ಶುರುವಾಗುವುದಕ್ಕೆ ಪಾಠವಿದೆ, ತರಗತಿಯಿದೆ, ಕಪಾಟು ತುಂಬ ಪ್ಯಾಡು ಇದೆ. ಮುಟ್ಟು ಮುಗಿಯುವುದಕ್ಕೆ ಏನಿದೆ? ಎಷ್ಟೋ ಶಾಲೆಗಳಲ್ಲಿ ಹುಡುಗಿಯರ ಟಾಯ್ಲೆಟ್ಟಿನಲ್ಲಿ ಮುಚ್ಚಳವಿರುವ ಬುಟ್ಟಿ ಇರುತ್ತದೆ, ಟೀಚರುಗಳ ಟಾಯ್ಲೆಟ್ಟಿನಲ್ಲಿ ಇರುವುದಿಲ್ಲ. ಗಂಟೆಗೊಮ್ಮೆ ಪ್ಯಾಡು ಬದಲಿಸಬೇಕಾದ ನಲವತ್ತಾರರ ಹೆಂಗಸು ಅದನ್ನು ಕಾಗದದಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಹ್ಯಾಂಡ್‌ಬ್ಯಾಗಿನ ತಳದಲ್ಲಿ ಊಟದ ಬುತ್ತಿಯ ಪಕ್ಕ ಇಟ್ಟುಕೊಂಡು ಸಂಜೆಯ ಬಸ್ಸು ಹತ್ತುತ್ತಾಳೆ. ಪೆರ್ಲದಿಂದ ಬದಿಯಡ್ಕ ದಾಟಿ ಕುಂಬಳೆಯ ತನಕ ನಿಂತುಕೊಂಡೇ ಹೋಗುತ್ತಾಳೆ. ಅವಳ ಪಕ್ಕದಲ್ಲಿ ನಿಂತವರಿಗೆ ಅದು ಗೊತ್ತಿರುವುದಿಲ್ಲ.

ಒಬ್ಬರು ಟೀಚರಿನ ವಿಷಯ ಹೇಳುತ್ತೇನೆ. ಅವರ ಹೆಸರಾಗಲಿ ಶಾಲೆಯಾಗಲಿ ಬೇಡ. ಸೇವಾ ಹಿರಿತನದಲ್ಲಿ ಮುಖ್ಯೋಪಾಧ್ಯಾಯಿನಿಯ ಹುದ್ದೆ ಅವರಿಗೆ ಬಂತು. ನಮ್ಮಲ್ಲಿ ಈ ಬಡ್ತಿ ಬರುವುದೇ ನಲವತ್ತೈದರಿಂದ ಐವತ್ತೆರಡರ ಒಳಗೆ, ಅಂದರೆ ಸರಿಯಾಗಿ ಈ ಕಾಲದಲ್ಲಿ. ರಾತ್ರಿ ಮೂರು ಗಂಟೆಗೆ ಬೆವರಿನಲ್ಲಿ ತೊಯ್ದು ಎದ್ದು, ರವಿಕೆ ಬದಲಿಸಿ, ಮತ್ತೆ ನಿದ್ದೆ ಬಾರದೆ, ಐದಕ್ಕೆ ಅಡುಗೆಮನೆಗೆ ಹೋಗುವ ದಿನಚರಿ ಅವರದು. ಹಿಮೋಗ್ಲೋಬಿನ್ ಎಂಟಕ್ಕೆ ಇಳಿದಿತ್ತು. ಮೀಟಿಂಗು, ಬಿಸಿಯೂಟದ ಲೆಕ್ಕ, ಮಲಯಾಳದಲ್ಲಿ ಬರುವ ಸುತ್ತೋಲೆ, ಮ್ಯಾನೇಜರರ ಜೊತೆ ವ್ಯವಹಾರ, ಇದೆಲ್ಲ ತನ್ನಿಂದಾಗದು ಎಂದು ಬಡ್ತಿ ಬೇಡವೆಂದು ಬರೆದುಕೊಟ್ಟರು. ಕಾರಣ: ಸ್ವಂತ. ಕಡತದಲ್ಲಿ ಅಷ್ಟೇ ಇರುವುದು. ಚೆನ್ನಾಗಿ ಶಾಲೆ ನಡೆಸಬಲ್ಲವರಾಗಿದ್ದರು. ಎರಡು ವರ್ಷದಲ್ಲಿ ಅವರ ಆರೋಗ್ಯ ಸರಿಯಾಯಿತು, ಹುದ್ದೆ ವಾಪಸು ಬರಲಿಲ್ಲ. "ಯಾರಾದರೂ ಒಂದು ವರ್ಷ ತಡೆಯಿರಿ ಅಂದಿದ್ದರೆ ಸಾಕಿತ್ತು" ಎಂದು ಒಮ್ಮೆ ನನ್ನ ಹತ್ತಿರ ಹೇಳಿದರು. ಹೀಗೆ "ಸ್ವಂತ ಕಾರಣ"ದ ಕೆಳಗೆ ಮುಚ್ಚಿಹೋದ ಬಡ್ತಿಗಳು, ಬಿಟ್ಟ ಕೆಲಸಗಳು ಎಷ್ಟಿವೆಯೋ.

ಹಾಗಾದರೆ ರಜೆ ಕೊಟ್ಟರೆ ಆಯಿತಲ್ಲ ಎನ್ನುವವರಿದ್ದಾರೆ. 2025ರ ಅಕ್ಟೋಬರಿನಲ್ಲಿ ಕರ್ನಾಟಕದ ಸಚಿವ ಸಂಪುಟ ತಿಂಗಳಿಗೊಂದು ದಿನ ಸಂಬಳಸಹಿತ ಮುಟ್ಟಿನ ರಜೆಗೆ ಒಪ್ಪಿಗೆ ಕೊಟ್ಟಾಗ ಗಡಿಯ ತಲಪಾಡಿಯ ಆಚೆಗಿರುವ ನಮ್ಮ ನೆಂಟರಿಷ್ಟರಿಂದ ವಾಟ್ಸಾಪಿನಲ್ಲಿ ಸುದ್ದಿ ಬಂದದ್ದೇ ಬಂದದ್ದು. ಬಿಹಾರದಲ್ಲಿ ಸರಕಾರಿ ನೌಕರರಿಗೆ 1992ರಿಂದಲೇ ತಿಂಗಳಿಗೆ ಎರಡು ದಿನ ಇದೆ. ನಮ್ಮ ಕೇರಳದಲ್ಲಿ 2023ರ ಜನವರಿಯಲ್ಲಿ ವಿಶ್ವವಿದ್ಯಾಲಯದ ವಿದ್ಯಾರ್ಥಿನಿಯರಿಗೆ ಹಾಜರಿಯಲ್ಲಿ ವಿನಾಯಿತಿ ಸಿಕ್ಕಿತು. ಅವರಿಗೆ ಪಾಠ ಮಾಡುವವರ ಬಗ್ಗೆ ಆ ಆದೇಶದಲ್ಲಿ ಮಾತಿರಲಿಲ್ಲ. ಈ ರಜೆಗಳು ಬೇಕು, ಬಂದದ್ದು ಒಳ್ಳೆಯದೇ. ಆದರೆ ನಲವತ್ತೇಳರ ದೇಹಕ್ಕೆ ತಿಂಗಳಿನ ಲೆಕ್ಕ ಹೊಂದುವುದಿಲ್ಲ. ಮೂರು ತಿಂಗಳು ಬೇಡದ ರಜೆ ನಾಲ್ಕನೇ ತಿಂಗಳಲ್ಲಿ ವಾರಗಟ್ಟಲೆ ಬೇಕಾಗುತ್ತದೆ. ಮುಟ್ಟೇ ಇಲ್ಲದ ತಿಂಗಳಲ್ಲಿ ನಿದ್ದೆಯಿಲ್ಲದೆ ತಲೆ ತಿರುಗುತ್ತದೆ, ಅದಕ್ಕೆ ಮುಟ್ಟಿನ ರಜೆ ಹೇಗೆ ಕೇಳುವುದು?

ರಜೆಗಿಂತ ಗಟ್ಟಿಯಾದ ಅಡ್ಡಿ ಇನ್ನೊಂದಿದೆ. ಕೇಳಬೇಕಾದರೆ ಹೇಳಬೇಕು. ನಮ್ಮ ಊರುಗಳು ಸಣ್ಣವು. ಶಾಲೆಯ ಮಾಷ್ಟ್ರು ಒಬ್ಬರು ನಾದಿನಿಯ ಗಂಡನ ತಮ್ಮ, ಪಿ.ಟಿ.ಎ. (ಶಿಕ್ಷಕ-ರಕ್ಷಕ ಸಂಘ) ಅಧ್ಯಕ್ಷರು ನೆರೆಮನೆಯವರು, ಗುಮಾಸ್ತರ ಹೆಂಡತಿ ಭಜನಾ ಮಂದಿರದಲ್ಲಿ ಪ್ರತಿ ಶನಿವಾರ ಸಿಗುವವರು. ಇಲ್ಲಿ ಬಾಯಿಬಿಟ್ಟ ಮಾತು ಸಂಜೆಗೆ ಊರು ಸುತ್ತುತ್ತದೆ. "ಅವರಿಗೆ ಮುಟ್ಟು ನಿಲ್ಲುವ ಸಮಯವಂತೆ, ಅದಕ್ಕೇ ಸಿಡುಕು" ಎಂಬ ಒಂದು ಮಾತು ಹುಟ್ಟಿತೆಂದರೆ ಆ ಟೀಚರು ಆಮೇಲೆ ನ್ಯಾಯವಾಗಿ ಸಿಟ್ಟು ಮಾಡಿದರೂ ಅದನ್ನೇ ಹೇಳುತ್ತಾರೆ. ಆದ್ದರಿಂದ ಹೆಂಗಸರು ಹಲ್ಲು ಕಚ್ಚಿ ಸುಮ್ಮನಿರುತ್ತಾರೆ. ಇದನ್ನು ಬರೀ ನಾಚಿಕೆ ಎಂದು ನಾನು ಒಪ್ಪುವುದಿಲ್ಲ, ಇದರಲ್ಲಿ ವಿವೇಕವಿದೆ. ಅದಕ್ಕೇ ನನ್ನ ಗಟ್ಟಿ ಅಭಿಪ್ರಾಯ ಇದು: ಕೆಲಸದ ಜಾಗದಲ್ಲಿ ಸಿಗಬೇಕಾದ ಅನುಕೂಲ ಒಬ್ಬಳು ತನ್ನ ದೇಹದ ಕತೆ ಹೇಳದೆಯೇ ಸಿಗಬೇಕು. ವೈದ್ಯರ ಹತ್ತಿರ ಎಲ್ಲವನ್ನೂ ಹೇಳಬೇಕು, ಕೆಲಸದಲ್ಲಿ ಏನನ್ನೂ ಹೇಳಲೇಬೇಕೆಂಬ ಒತ್ತಾಯ ಇರಬಾರದು. ಹೇಳಬೇಕೆನಿಸಿದವರು ಹೇಳಲಿ.

ಇದು ಬರೀ ಮಾತಲ್ಲ, ಮಾಡಿ ನೋಡಬಹುದು. ನಮ್ಮ ಶಾಲೆಯಲ್ಲಿ ಪೀರಿಯಡು ಬದಲಾಯಿಸಿಕೊಳ್ಳುವುದಕ್ಕೆ ಒಂದು ಪುಸ್ತಕವಿದೆ. ತಾರೀಕು, ಕ್ಲಾಸು, ಪೀರಿಯಡು, ಬದಲಿಗೆ ಹೋಗುವವರು, ಕಾರಣ, ಸಹಿ. ಹಳೆಯ ಪುಸ್ತಕ ತಿರುವಿದರೆ ಕಾರಣದ ಕಾಲಮಿನಲ್ಲಿ ಸಾಲುಸಾಲಾಗಿ "ತಲೆನೋವು", ನಡುವೆ ಒಂದೆರಡು "ಬ್ಯಾಂಕು". ಹೊಸ ಪುಸ್ತಕಕ್ಕೆ ಗೆರೆ ಎಳೆಯುವಾಗ ಆ ಕಾಲಮನ್ನೇ ಬಿಟ್ಟೆ. ಕಾರಣ ಕೇಳದಿದ್ದರೆ ಎಲ್ಲರೂ ತಪ್ಪಿಸಿಕೊಳ್ಳುತ್ತಾರೆ ಎಂದು ಒಬ್ಬರು ಮಾಷ್ಟ್ರು ಹೇಳಿದರು. ತೆಗೆದುಕೊಂಡ ಪೀರಿಯಡು ತಿಂಗಳೊಳಗೆ ತೀರಿಸಬೇಕು ಎಂಬ ನಿಯಮ ಹಾಕಿದ ಮೇಲೆ ಆ ಭಯ ಹೋಯಿತು, ಲೆಕ್ಕ ಪುಸ್ತಕದಲ್ಲೇ ಕಾಣುತ್ತದೆ. ಅದನ್ನು ಬಳಸಿಕೊಂಡವರಲ್ಲಿ ಆ ಮಾಷ್ಟ್ರೂ ಇದ್ದಾರೆ. ಅವರ ಮನೆಯಲ್ಲಿ ಹಾಸಿಗೆ ಹಿಡಿದ ತಾಯಿ ಇದ್ದಾರೆ, ಅದನ್ನೂ ಅವರು ಎಲ್ಲೂ ಬರೆಯಬೇಕಾಗಿಲ್ಲ.

ಒಂದನೇ ಕ್ಲಾಸಿನ ಟೀಚರಿಗೆ ಈ ಪುಸ್ತಕವೂ ಸಾಲದು. ಚಿಕ್ಕ ಮಕ್ಕಳನ್ನು ಐದು ನಿಮಿಷವೂ ಬಿಟ್ಟುಹೋಗುವ ಹಾಗಿಲ್ಲ, ಇಡೀ ದಿನ ಅವರದ್ದೇ ಕ್ಲಾಸು. ಪಕ್ಕದ ಕ್ಲಾಸಿನ ನಡುವಿನ ಬಾಗಿಲು ತೆರೆದಿಟ್ಟು, ಒಬ್ಬರು ಹೊರಗೆ ಹೋದರೆ ಇನ್ನೊಬ್ಬರು ಎರಡೂ ಕಡೆ ಕಣ್ಣಿಡುವುದು ಎಂದು ಮಾಡಿಕೊಂಡಿದ್ದೇವೆ. ಟಾಯ್ಲೆಟ್ಟಿನಲ್ಲಿ ಮುಚ್ಚಳದ ಬುಟ್ಟಿ, ಬಕೆಟ್ಟಿನಲ್ಲಿ ಯಾವಾಗಲೂ ನೀರು, ಒಳಗಿನಿಂದ ಸರಿಯಾಗಿ ಬೀಳುವ ಚಿಲಕ, ಬೀರುವಿನಲ್ಲಿ ಯಾರೂ ಕೇಳದೆ ತೆಗೆದುಕೊಳ್ಳಬಹುದಾದ ಪ್ಯಾಡಿನ ಪೊಟ್ಟಣ. ಸ್ಟಾಫ್‌ರೂಮಿನಲ್ಲಿ ಫ್ಯಾನಿನ ಕೆಳಗಿನ ಕುರ್ಚಿ ಹಿಂದೆ ಹಿರಿಯ ಮಾಷ್ಟ್ರದ್ದು ಎಂದು ವಾಡಿಕೆಯಾಗಿತ್ತು; ಈಗ ಯಾರಿಗೆ ಬೇಕೋ ಅವರದ್ದು. ಇಷ್ಟಕ್ಕೆಲ್ಲ ಯಾವ ಆದೇಶವೂ ಬೇಕಾಗಲಿಲ್ಲ.

ಬ್ರಿಟನ್ನಿನಲ್ಲಿ 2023ರಲ್ಲಿ ಕೆಲಸದ ಜಾಗದಲ್ಲಿ ಮುಟ್ಟು ಮತ್ತು ಮುಟ್ಟು ನಿಲ್ಲುವ ಕಾಲದ ಬಗ್ಗೆ ಒಂದು ರಾಷ್ಟ್ರೀಯ ಮಾನದಂಡವನ್ನೇ ಹೊರತಂದರು, ಬಿಎಸ್ 30416. 2024ರಲ್ಲಿ ಅಲ್ಲಿನ ಸಮಾನತಾ ಆಯೋಗ, ತೊಂದರೆ ದೀರ್ಘಕಾಲದ್ದಾಗಿ ದಿನನಿತ್ಯದ ಬದುಕಿಗೆ ದೊಡ್ಡ ಅಡ್ಡಿಯಾಗಿದ್ದರೆ ಅದನ್ನು ಅಂಗವೈಕಲ್ಯವೆಂದು ಪರಿಗಣಿಸಿ ಮಾಲಿಕರು ಅನುಕೂಲ ಮಾಡಿಕೊಡಬೇಕಾಗಬಹುದು ಎಂದು ಸ್ಪಷ್ಟಪಡಿಸಿತು. ಅದನ್ನೆಲ್ಲ ಓದುವಾಗ ನನಗೆ ಹತ್ತಿರವೆನಿಸಿದ್ದು ಮಾತ್ರ ನಮ್ಮ ಕೋಳಿಕ್ಕೋಡಿನ ಮಿಠಾಯಿತೆರುವು ಎಂಬ ಅಂಗಡಿಬೀದಿಯ ಹೆಂಗಸರು. ಅಲ್ಲಿ ಟೈಲರ್ ಆಗಿದ್ದ ಪಿ. ವಿಜಿ ಎಂಬವರು ಪೆಣ್‌ಕೂಟ್ಟ್ ಎಂಬ ಸಂಘಟನೆ ಕಟ್ಟಿ, ಅಂಗಡಿಗಳಲ್ಲಿ ದುಡಿಯುವ ಹೆಂಗಸರಿಗೆ ಮೊದಲು ಟಾಯ್ಲೆಟ್ಟಿಗಾಗಿ, ಆಮೇಲೆ ಕೂರುವುದಕ್ಕಾಗಿ ಹೋರಾಡಿದರು. ಬೆಳಗ್ಗಿನಿಂದ ರಾತ್ರಿ ತನಕ ಗಿರಾಕಿ ಇಲ್ಲದಿದ್ದರೂ ನಿಂತೇ ಇರಬೇಕಿತ್ತು. ಟಾಯ್ಲೆಟ್ಟಿಗೆ ಹೋಗಬೇಕಾಗುತ್ತದೆಂದು ನೀರು ಕುಡಿಯುವುದನ್ನೇ ಬಿಟ್ಟವರಿದ್ದರು. 2018ರಲ್ಲಿ ಕೇರಳ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಗೆ ತಿದ್ದುಪಡಿಯಾಗಿ ಕೂರುವುದು ಹಕ್ಕಾಯಿತು. 2021ರಲ್ಲಿ ತಮಿಳುನಾಡು ಅದೇ ದಾರಿ ಹಿಡಿಯಿತು. ಆ ಕಾಯ್ದೆಯಲ್ಲಿ ಮುಟ್ಟಿನ ಮಾತಿಲ್ಲ, ವಯಸ್ಸಿನ ಮಾತಿಲ್ಲ. ಆದರೂ ಕಾಲುಗಂಟು ನೋಯುವ, ರಕ್ತ ಸುರಿಯುವ ನಲವತ್ತೆಂಟರ ಹೆಂಗಸಿಗೆ ಅದರಷ್ಟು ಉಪಕಾರದ ಕಾಯ್ದೆ ನಮ್ಮಲ್ಲಿ ಬೇರೆ ಬಂದಿಲ್ಲ. ಇಪ್ಪತ್ತರ ಹುಡುಗಿಗೂ ಸ್ಟೂಲು, ಅವಳ ತಾಯಿಯ ವಯಸ್ಸಿನವಳಿಗೂ ಸ್ಟೂಲು, ಯಾರೂ ಯಾಕೆಂದು ಕೇಳುವ ಹಾಗಿಲ್ಲ. ಕಾಸರಗೋಡು ಪೇಟೆಯಲ್ಲಿ ಬಟ್ಟೆ ತೆಗೆದುಕೊಳ್ಳಲು ಹೋದಾಗ ಆ ಸ್ಟೂಲು ಇದೆಯೋ ಇಲ್ಲವೋ ಎಂದು ನಾನು ನೋಡುತ್ತೇನೆ. ನೀವೂ ನೋಡಿ, ಇಲ್ಲದಿದ್ದರೆ ಕೇಳಿ.

ರಜೆಯೇ ಶಿಕ್ಷೆಯಾದಾಗ ಏನಾಗುತ್ತದೆ ಎಂಬುದಕ್ಕೆ ಮಹಾರಾಷ್ಟ್ರದ ಬೀಡ್ ಜಿಲ್ಲೆ ಇದೆ. ಅಲ್ಲಿಂದ ಕಬ್ಬು ಕಡಿಯುವುದಕ್ಕೆ ಗಂಡಹೆಂಡಿರು ಜೋಡಿಯಾಗಿ ಪಶ್ಚಿಮ ಮಹಾರಾಷ್ಟ್ರಕ್ಕೆ, ಕರ್ನಾಟಕದ ಕಡೆಗೂ ಬರುತ್ತಾರೆ. ಒಂದು ದಿನ ತಪ್ಪಿದರೆ ಗುತ್ತಿಗೆದಾರನಿಗೆ ದಂಡ ಕಟ್ಟಬೇಕು. ಮುಟ್ಟು, ಬಿಳಿಸೆರಗು, ಹೊಟ್ಟೆನೋವು ಯಾವುದಕ್ಕೂ ವಿನಾಯಿತಿಯಿಲ್ಲ. ಕೆಲಸ ತಪ್ಪಬಾರದೆಂದು ಹೆಂಗಸರು ಗರ್ಭಕೋಶ ತೆಗೆಸಿಕೊಳ್ಳುತ್ತಿದ್ದಾರೆ ಎಂದು 2019ರಲ್ಲಿ ಸುದ್ದಿಯಾದ ಮೇಲೆ ಸರಕಾರದ ಸಮಿತಿ ಸುಮಾರು 82 ಸಾವಿರ ಹೆಂಗಸರನ್ನು ವಿಚಾರಿಸಿತು. ಅವರಲ್ಲಿ 13 ಸಾವಿರಕ್ಕೂ ಹೆಚ್ಚು ಮಂದಿ ಗರ್ಭಕೋಶವನ್ನೇ ತೆಗೆಸಿಕೊಂಡಿದ್ದರು, ಎಷ್ಟೋ ಮಂದಿ ನಲವತ್ತು ತುಂಬುವ ಮೊದಲೇ. ಅಂಡಾಶಯವನ್ನೂ ತೆಗೆದರೆ ಮೆಲ್ಲನೆ ಬರಬೇಕಾದ ಮುಟ್ಟುನಿಲುಗಡೆ ಒಂದೇ ದಿನಕ್ಕೆ ಬಂದು ಬೀಳುತ್ತದೆ, ಎಲುಬು ಸವೆಯುತ್ತದೆ, ಹೃದಯಕ್ಕೂ ಅಪಾಯ. ಗರ್ಭಕೋಶ ಮಾತ್ರ ತೆಗೆದರೂ ಅದು ಬೇಗ ಬರುವ ಸಂಭವವಿದೆ. ಅನಗತ್ಯ ಶಸ್ತ್ರಕ್ರಿಯೆ ತಡೆಯಲು ಕೇಂದ್ರ ಆರೋಗ್ಯ ಇಲಾಖೆ 2022ರಲ್ಲಿ ಮಾರ್ಗಸೂಚಿ ತಂದಿತು, ಅದನ್ನು ಜಾರಿಗೆ ತರಬೇಕೆಂದು 2023ರಲ್ಲಿ ಸುಪ್ರೀಂ ಕೋರ್ಟು ರಾಜ್ಯಗಳಿಗೆ ಹೇಳಿತು. ನಮ್ಮ ಕಡೆಯೂ "ಇನ್ನು ಮಕ್ಕಳು ಬೇಡವಲ್ಲ, ತೆಗೆಸಿಬಿಡಿ, ತಾಪತ್ರಯ ಮುಗಿಯಲಿ" ಎಂಬ ಸಲಹೆ ಹೊಸತಲ್ಲ. ಒಪ್ಪುವ ಮೊದಲು ಇನ್ನೊಬ್ಬ ಸ್ತ್ರೀರೋಗ ತಜ್ಞರನ್ನು ಕಾಣಿ.

ಬಹಳಷ್ಟು ಮಂದಿಗೆ ಅದಕ್ಕಿಂತ ಸರಳ ದಾರಿಗಳಿವೆ. ಹೆಚ್ಚು ರಕ್ತಸ್ರಾವಕ್ಕೆ ಟ್ರಾನೆಕ್ಸಾಮಿಕ್ ಆ್ಯಸಿಡ್ ಮಾತ್ರೆ ಇದೆ, ಗರ್ಭಕೋಶದೊಳಗೆ ಇಡುವ ಹಾರ್ಮೋನಿನ ಕಾಯಿಲ್ ಇದೆ, ಅದು ವರ್ಷಗಟ್ಟಲೆ ಕೆಲಸ ಮಾಡುತ್ತದೆ. ಮೈಯುರಿಗೆ ಹಾರ್ಮೋನು ಚಿಕಿತ್ಸೆ ಇದೆ. 2002ರಲ್ಲಿ ಅಮೆರಿಕದ ಒಂದು ದೊಡ್ಡ ಅಧ್ಯಯನದಲ್ಲಿ ಅದರಿಂದ ಅಪಾಯವೆಂದು ಕಂಡ ಸುದ್ದಿ ಹರಡಿ ಎಲ್ಲರೂ ಅದಕ್ಕೆ ಹೆದರಿದರು. ಆಮೇಲೆ ಅದೇ ಲೆಕ್ಕವನ್ನು ವಯಸ್ಸಿನ ಪ್ರಕಾರ ಬಿಡಿಸಿ ನೋಡಿದಾಗ, ಅರವತ್ತರ ಒಳಗಿನವರಿಗೆ, ಮುಟ್ಟು ನಿಂತು ಹತ್ತು ವರ್ಷ ದಾಟದವರಿಗೆ ಸಾಮಾನ್ಯವಾಗಿ ಅಪಾಯಕ್ಕಿಂತ ಪ್ರಯೋಜನವೇ ಹೆಚ್ಚು ಎಂದು ಕಂಡಿತು. ಸ್ತನ ಕ್ಯಾನ್ಸರ್ ಆದವರಿಗೆ, ರಕ್ತ ಹೆಪ್ಪುಗಟ್ಟುವ ತೊಂದರೆ ಇರುವವರಿಗೆ ಅದು ಸಾಮಾನ್ಯವಾಗಿ ಆಗದು. ಅವರಿಗೆ ಹಾರ್ಮೋನಿಲ್ಲದ ಔಷಧಗಳಿವೆ. ನಲವತ್ತೈದು ದಾಟಿದವರಲ್ಲಿ ಲಕ್ಷಣ ಕೇಳಿಯೇ ಹೇಳಬಹುದು, ದುಬಾರಿ ಹಾರ್ಮೋನು ಪರೀಕ್ಷೆ ಸಾಮಾನ್ಯವಾಗಿ ಬೇಕಾಗುವುದಿಲ್ಲ. ಥೈರಾಯ್ಡು ಮತ್ತು ಹಿಮೋಗ್ಲೋಬಿನ್ ಮಾತ್ರ ನೋಡಿಸಿಕೊಳ್ಳುವುದು ಒಳ್ಳೆಯದು. ರಕ್ತಹೀನತೆಯ ವಿಷಯದಲ್ಲಿ ಕೇರಳದ ಸ್ಥಿತಿ ಎಷ್ಟೋ ರಾಜ್ಯಗಳಿಗಿಂತ ಮೇಲು ಎನ್ನುತ್ತೇವೆ, ಆದರೂ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಇಲ್ಲಿನ 15ರಿಂದ 49ರ ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 36 ಮಂದಿಗೆ ಅದು ಇದೆ. ಒಂದು ವರ್ಷ ನಿಂತಿದ್ದ ಮುಟ್ಟು ಮತ್ತೆ ಕಂಡರೆ, ಒಂದು ಹನಿಯಾದರೂ, ತಡಮಾಡದೆ ತೋರಿಸಬೇಕು.

ವೈದ್ಯರ ಹತ್ತಿರ ಹೇಳುವುದೂ ನಮ್ಮಲ್ಲಿ ಸುಲಭವಿಲ್ಲ. ಮನೆಯಲ್ಲಿ ತುಳುವೋ ಹವ್ಯಕವೋ ಮರಾಠಿಯೋ, ಶಾಲೆಯಲ್ಲಿ ಕನ್ನಡ, ಆಸ್ಪತ್ರೆಯಲ್ಲಿ ಮಲಯಾಳ. ಸಂತೆಗೆ ಸಾಕಾಗುವ ಮಲಯಾಳ ಗರ್ಭಕೋಶದ ಮಾತಿಗೆ ಸಾಲುವುದಿಲ್ಲ. ಜೊತೆಗೆ ಬಂದ ಮಗನ ಎದುರು ಎಷ್ಟು ಹೇಳುವುದು? ಹಾಗಾಗಿ ಅನುಕೂಲವಿದ್ದವರು ತಲಪಾಡಿ ದಾಟಿ ಮಂಗಳೂರಿಗೆ ಹೋಗುತ್ತಾರೆ. ದಿನಗೂಲಿಯವರು ಹೋಗುವುದೇ ಇಲ್ಲ. ನನಗೆ ತಿಳಿದ ಒಬ್ಬರು ಗೋಡೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕದಲ್ಲಿ ಮುಟ್ಟಾದ ದಿನಕ್ಕೆ ಕೆಂಪು ಚುಕ್ಕಿ, ಹೆಚ್ಚು ಹೋದ ದಿನಕ್ಕೆ ಎರಡು ಚುಕ್ಕಿ, ನಿದ್ದೆ ಕೆಟ್ಟ ರಾತ್ರಿಗೆ ಒಂದು ಗೀಟು ಹಾಕುತ್ತಿದ್ದರು. ಆರು ತಿಂಗಳ ಹಾಳೆಗಳನ್ನು ಹರಿದು ಮಡಚಿ ತೆಗೆದುಕೊಂಡು ಹೋಗಿ ಡಾಕ್ಟರ ಮೇಜಿನ ಮೇಲೆ ಇಟ್ಟರು. ಭಾಷೆ ಬೇಕಾಗಲಿಲ್ಲ. ಡಾಕ್ಟರು ಅದನ್ನು ನೋಡಿ ಕೇಳಿದ ಪ್ರಶ್ನೆಗಳಿಗೆ ಹೌದು, ಇಲ್ಲ ಎಂದರೆ ಸಾಕಾಯಿತಂತೆ.

ಯಾರೂ ಏನೂ ಹೇಳಬೇಕಾಗಿಲ್ಲ ಎಂದರೆ ವಿಷಯವನ್ನೇ ಮುಚ್ಚಿಡುವುದಲ್ಲವೇ ಎಂದು ಕೇಳಬಹುದು. ಒಬ್ಬಳ ಕತೆ ಅವಳದ್ದು, ವಿಷಯ ಎಲ್ಲರದ್ದು. ಆರೋಗ್ಯ ಕೇಂದ್ರದ ನರ್ಸಮ್ಮನನ್ನು ಒಮ್ಮೆ ಸ್ಟಾಫ್ ಮೀಟಿಂಗಿಗೆ ಕರೆದೆವು. ಗಂಡಸರನ್ನು ಹೊರಗೆ ಕಳಿಸುವುದೇ ಎಂಬ ಪ್ರಶ್ನೆ ಬಂತು, ಬೇಡವೆಂದು ತೀರ್ಮಾನಿಸಿದೆವು. ಅವರು ಬಿ.ಪಿ., ಸಕ್ಕರೆಯಿಂದ ಶುರುಮಾಡಿ ಇದಕ್ಕೆ ಬಂದರು. ಮುಗಿದ ಮೇಲೆ ಒಬ್ಬರು ಮಾಷ್ಟ್ರು ಮೆಲ್ಲನೆ, "ನಮ್ಮ ಮನೆಯಲ್ಲಿ ರಾತ್ರಿ ಎದ್ದು ಜಗಲಿಯಲ್ಲಿ ಹೋಗಿ ಕೂರುದು ಇದಕ್ಕೆಯಾ?" ಎಂದು ಕೇಳಿದರು. ಇರಬಹುದು, ಕೇಳಿ ನೋಡಿ ಎಂದರು ನರ್ಸಮ್ಮ. ಮರುದಿನದಿಂದ ಸ್ಟಾಫ್‌ರೂಮಿನಲ್ಲಿ ಫ್ಯಾನು ಹಾಕಿದ್ದಕ್ಕೆ ಯಾರೂ ಹುಬ್ಬೇರಿಸಲಿಲ್ಲ.

ಇಷ್ಟೆಲ್ಲ ಟೀಚರುಗಳ ಮಾತಾಯಿತು. ಸಂಬಳ, ರಜೆ, ಪಿಂಚಣಿ ಇರುವವರು ನಾವು. ನಮ್ಮ ಶಾಲೆಯಲ್ಲಿ ಅತಿ ಹೆಚ್ಚು ಕಷ್ಟಪಡುವವರು ಅಡುಗೆ ಅಕ್ಕ. ಕೇರಳದಲ್ಲಿ 500 ಮಕ್ಕಳ ತನಕ ಒಂದು ಶಾಲೆಗೆ ಒಬ್ಬರೇ ಅಡುಗೆಯವರು. ಬುಟ್ಟಿಗಟ್ಟಲೆ ತರಕಾರಿ ಹೆಚ್ಚಿ, ಸಾಂಬಾರು ಕುದಿಸಿ, ದೊಡ್ಡ ಪಾತ್ರೆಯ ಕುಚ್ಚಲಕ್ಕಿ ಅನ್ನವನ್ನು ಬಸಿಯಲು ಬಗ್ಗಿದಾಗ ಗಂಜಿಯ ಹಬೆ ಪೂರ್ತಿ ಮುಖಕ್ಕೆ. "ಟೀಚರೇ, ಒಲೆಯ ಬಿಸಿ ಯಾವುದು, ನನ್ನ ಬಿಸಿ ಯಾವುದು ಅಂತಲೇ ಗೊತ್ತಾಗುದಿಲ್ಲ" ಎಂದು ಒಂದು ದಿನ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾ ಹೇಳಿದರು. ಅವರದು ದಿನಗೂಲಿ. ಬಾರದಿದ್ದರೆ ಬದಲಿ ಜನವನ್ನು ಅವರೇ ಹುಡುಕಿ ಕಳಿಸಬೇಕು, ಆ ದಿನದ ಕೂಲಿ ಬದಲಿಯವರಿಗೆ. ಹತ್ತು ದಿನ ರಕ್ತ ಹೋಗುವ ತಿಂಗಳಲ್ಲೂ ಅವರು ಬಂದೇ ಬರುತ್ತಾರೆ.

ಪಿ.ಟಿ.ಎ.ಯಿಂದ ಒಂದು ಎಕ್ಸಾಸ್ಟ್ ಫ್ಯಾನು ಹಾಕಿಸಿದೆವು. ತರಕಾರಿ ಹೆಚ್ಚುವ ಕೆಲಸ ಹಿಂದಿನ ಜಗಲಿಗೆ ಬಂತು, ಗಾಳಿ ಬರುವ ಕಡೆ, ಕೂತು ಹೆಚ್ಚುವಷ್ಟು ಎತ್ತರದ ಮೇಜಿನ ಜೊತೆ. ಅನ್ನ ಬಸಿಯುವುದಕ್ಕೆ ಇನ್ನೊಬ್ಬರು ಕೈ ಕೊಡುತ್ತಾರೆ. ತಾಯಂದಿರಲ್ಲಿ ಇಬ್ಬರು ಬದಲಿಗೆ ಬರುವುದಾಗಿ ಮೊದಲೇ ಒಪ್ಪಿಕೊಂಡಿದ್ದಾರೆ, ಹಿಂದಿನ ರಾತ್ರಿ ಒಂದು ಫೋನು ಮಾಡಿದರೆ ಸಾಕು, ಯಾಕೆಂದು ಹೇಳಬೇಕಾಗಿಲ್ಲ. ಕೂಲಿಯ ನಷ್ಟ ಮಾತ್ರ ಹಾಗೆಯೇ ಉಳಿದಿದೆ. ಅದನ್ನು ಪಿ.ಟಿ.ಎ. ಎಷ್ಟು ದಿನ ತುಂಬಿಕೊಡಲು ಸಾಧ್ಯ?

ಇದಕ್ಕೆ ಪಂಚಾಯತೇ ಕೈಹಾಕಬೇಕು, ಅದಕ್ಕೆ ದಾರಿಯೂ ಇದೆ. ಕೇರಳದಲ್ಲಿ ಸ್ಥಳೀಯ ಸಂಸ್ಥೆಗಳು ತಮ್ಮ ಯೋಜನೆಯ ಹಣದಲ್ಲಿ ನೂರಕ್ಕೆ ಹತ್ತರಷ್ಟನ್ನು ಮಹಿಳಾ ಘಟಕ ಯೋಜನೆಗೆ ಇಡಬೇಕೆಂಬ ನಿಯಮ 1990ರ ದಶಕದ ಜನಕೀಯ ಯೋಜನೆಯ (ಊರಿನ ಯೋಜನೆಯನ್ನು ಊರಿನವರೇ ಮಾಡುವ ಕ್ರಮ) ಕಾಲದಿಂದಲೂ ಇದೆ. ಸದಸ್ಯರಲ್ಲಿ ಅರ್ಧದಷ್ಟು ಸ್ಥಾನ ಹೆಂಗಸರಿಗೆ ಮೀಸಲು, ಅವರಲ್ಲೂ ಅನೇಕರು ಇದೇ ವಯಸ್ಸಿನವರು. ಹರಿತ ಕರ್ಮ ಸೇನೆಯವರು ದಪ್ಪ ಹಸಿರು ಕೋಟು ಹಾಕಿಕೊಂಡು, ಗೋಣಿ ಹೊತ್ತು, ಒಂದು ಗುಡ್ಡದಿಂದ ಇನ್ನೊಂದು ಗುಡ್ಡಕ್ಕೆ ಹೋಗುವಾಗ ನಡುವೆ ಒಂದು ಟಾಯ್ಲೆಟ್ಟಿಲ್ಲ. "ಅಕ್ಕಾ, ಒಮ್ಮೆ ಒಳಗೆ ಹೋಗಿ ಬರ್ಲಾ?" ಎಂದು ಮನೆಯವರನ್ನು ಕೇಳುವಾಗ ಅವರ ಮುಖ ನೋಡಬೇಕು; ಕೆಲವು ಮನೆಯವರು ಬೇಡವೆನ್ನುತ್ತಾರೆ. ಆ ಕೋಟನ್ನು ಹತ್ತಿಯ ಬಟ್ಟೆಯಲ್ಲಿ ಹೊಲಿಸಬಹುದು. ಅಂಗನವಾಡಿ, ವಾಚನಾಲಯ, ಶಾಲೆಗಳ ಟಾಯ್ಲೆಟ್ಟುಗಳನ್ನು ಅವರಿಗೆ ತೆರೆದಿಡಬಹುದು. ನಮ್ಮ ಶಾಲೆಯದ್ದನ್ನು ಈಗಾಗಲೇ ತೆರೆದಿದ್ದೇವೆ, ಬೀಗದ ಕೈ ಅಡುಗೆ ಅಕ್ಕನ ಹತ್ತಿರ ಇರುತ್ತದೆ.

ಮುಂದಿನ ಗ್ರಾಮಸಭೆಗೆ ಎರಡು ಬೇಡಿಕೆ ಬರೆದಿಟ್ಟಿದ್ದೇವೆ. ಪಂಚಾಯತಿನ ಎಲ್ಲ ಶಾಲೆಗಳಿಗೂ ಸೇರಿ ಬದಲಿ ಅಡುಗೆಯವರ ಒಂದು ಪಟ್ಟಿ, ಬದಲಿ ದಿನಗಳ ಕೂಲಿ ಪಂಚಾಯತಿನದ್ದು. ಮನೆಮನೆಗೆ ಹೋಗಿ ದುಡಿಯುವ ಹೆಂಗಸರಿಗೆ ಪ್ರತಿ ವಾರ್ಡಿನಲ್ಲಿ ನೀರು, ಬುಟ್ಟಿ, ಚಿಲಕ ಇರುವ ಒಂದು ಟಾಯ್ಲೆಟ್ಟು. ಅರ್ಜಿಯನ್ನು ಕನ್ನಡದಲ್ಲೂ ಮಲಯಾಳದಲ್ಲೂ ಬರೆದಿದ್ದೇವೆ. ಸಹಿ ಹಾಕಿದವರಲ್ಲಿ ಎಲ್ಲ ವಯಸ್ಸಿನ ಹೆಂಗಸರಿದ್ದಾರೆ, ನಾಲ್ಕೈದು ಮಾಷ್ಟ್ರುಗಳೂ ಇದ್ದಾರೆ. ನಿಮ್ಮ ವಾರ್ಡಿನಲ್ಲೂ ಕೊಡುವುದಿದ್ದರೆ ನಕಲು ಕಳಿಸುತ್ತೇನೆ, ಪಂಚಾಯತಿನ ಹೆಸರು ಮಾತ್ರ ಬದಲಿಸಿಕೊಳ್ಳಿ.